ಏಳನೇ ನಂಬರಿನ ಶಿಕ್ಕಾ

೨೦೨೩ರಲ್ಲಿ ನಾನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಸ್ಟಮ್ಸ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನೀರಿನ ದೊಡ್ಡ ಪೈಪುಗಳಿಗೆ ಕೂಡಿಸುವ ವಾಲ್ವುಗಳನ್ನು ಅಲ್ಲಿ ಎರಕ ಹೊಯ್ದು, ಕಡೆದು, ಪರೀಕ್ಷಿಸಿ ಕಳಿಸುತ್ತಿದ್ದೆವು. ಮುನ್ನೂರ ಹನ್ನೆರಡು ಜನ ಕೆಲಸಗಾರರು, ಅರವತ್ತೆಂಟು ಕಂಪ್ಯೂಟರು, ನನ್ನನ್ನೂ ಹಿಡಿದು ಮೂರೇ ಜನರ ವಿಭಾಗ. ಮಾಳಮಡ್ಡಿಯಿಂದ ಬೆಳಿಗ್ಗೆ ಏಳೂವರೆಯ ಕಂಪನಿ ಬಸ್ಸು ಹಿಡಿದರೆ ಸಂಜೆ ಆರಕ್ಕೆ ಮನೆ. ಇಪ್ಪತ್ಮೂರು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷಗಳಲ್ಲಿ ನಾನು ಸಹಿ ಹಾಕಿ ಕೊಟ್ಟ ವರದಿಗಳ ಲೆಕ್ಕ ನನಗಿಲ್ಲ. ವಾಪಸು ಪಡೆದದ್ದು ಒಂದನ್ನು ಮಾತ್ರ. ಆ ಒಂದರ ಬಗ್ಗೆ ಬರೆಯುತ್ತಿದ್ದೇನೆ. ನೆನಪಿದ್ದಷ್ಟನ್ನೇ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಅಲ್ಲಿಯವರೆಗೆ ನಮ್ಮ ಕಂಪ್ಯೂಟರುಗಳಿಗೆ ಮನುಷ್ಯರ ಗುರುತು ಇರಲಿಲ್ಲ, ವಿಭಾಗಗಳ ಗುರುತು ಇತ್ತು. ಸ್ಟೋರ್ಸಿಗೆ ಒಂದು ಲಾಗಿನ್, ಮಾಲು ಕಳಿಸುವ ಡಿಸ್ಪ್ಯಾಚಿಗೆ ಒಂದು, ಕ್ವಾಲಿಟಿಗೆ ಒಂದು, ಹೀಗೆ ಹನ್ನೊಂದು. ವಿಭಾಗದ ಹೆಸರು ಬರೆದು ಮುಂದೆ ಒಂದು, ಎರಡು, ಮೂರು ಒತ್ತಿದರೆ ಅದೇ ಪಾಸ್‌ವರ್ಡ್. ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತಿತ್ತು. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಗಳು ತಪಾಸಣೆಗೆ ಬಂದಾಗ ಈ ವಾಲ್ವು ಹೊರಗೆ ಹೋಗಲು ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳುತ್ತಿದ್ದವು. ಕ್ವಾಲಿಟಿ ಎಂಬ ಉತ್ತರ ಅವರಿಗೆ ಸಾಲುತ್ತಿರಲಿಲ್ಲ. ಅವರಿಗೆ ಒಬ್ಬ ಮನುಷ್ಯನ ಹೆಸರು ಬೇಕಿತ್ತು.

ಆದ್ದರಿಂದ ಆ ವರ್ಷ ಐಡೆಂಟಿಟಿ ಅಂಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್ ಎಂಬ ವ್ಯವಸ್ಥೆಯನ್ನು ತಂದೆವು. ಹೆಸರು ಉದ್ದ, ಕೆಲಸ ಸರಳ. ನೀವು ಯಾರು, ಅದನ್ನು ನಾನು ಹೇಗೆ ನಂಬಲಿ, ನಿಮಗೆ ಎಲ್ಲಿಯವರೆಗೆ ಪ್ರವೇಶವಿದೆ ಎಂದು ಅದು ಪ್ರತಿಯೊಬ್ಬರನ್ನೂ ಪ್ರತಿ ಸಲವೂ ಕೇಳುತ್ತದೆ. ಕೆಲಸ ಬಿಟ್ಟ ದಿನವೇ ಬಾಗಿಲು ಮುಚ್ಚುತ್ತದೆ. ಹನ್ನೊಂದು ಲಾಗಿನ್ ಹೋಗಿ ನೂರ ನಾಲ್ಕು ಬಂದವು, ಕಂಪ್ಯೂಟರ್ ಮುಟ್ಟುವ ಒಬ್ಬೊಬ್ಬರಿಗೂ ಒಂದೊಂದು. ಪಾಸ್‌ವರ್ಡ್ ಹಾಕಿದ ಮೇಲೆ ಅವರವರ ಮೊಬೈಲಿಗೆ ಒಂದು ಪ್ರಶ್ನೆ ಬರುತ್ತದೆ, ನೀವೇನಾ ಎಂದು. ಹೌದು ಎಂದು ಒತ್ತಿದರೆ ಮಾತ್ರ ಒಳಗೆ. ಮೇ ತಿಂಗಳಲ್ಲಿ ಶುರುವಾಯಿತು. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು. ಎಷ್ಟು ಹೆಮ್ಮೆ ಎಂಬುದು ಮುಂದೆ ಗೊತ್ತಾಗುತ್ತದೆ.

ಜನರಿಗೆ ತಿಳಿಸಲು ಕ್ಯಾಂಟೀನಿನಲ್ಲಿ ಐದು ತರಗತಿ ತೆಗೆದುಕೊಂಡೆ. ಪ್ರತಿ ತರಗತಿಯಲ್ಲೂ ಇದೇ ಮಾತು ಹೇಳಿದೆ: "ಪಾಸ್‌ವರ್ಡ್ ಅಂದ್ರ ನಿಮ್ಮ ಮನಿ ಚಾವಿ ಇದ್ದಂಗ್ರಿ. ಮನಿ ಚಾವಿ ಹೆಂಗ ಜ್ವಾಕಿ ಮಾಡ್ತೀರೋ, ಇದನ್ನೂ ಹಂಗ ಜ್ವಾಕಿ ಮಾಡ್ರಿ."

ಎಲ್ಲರೂ ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಗುರುಸಿದ್ದಪ್ಪನವರು ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿ, "ಬರೋಬ್ಬರಿ ಹೇಳಿದ್ರಿ ಬಾಯಾರ" ಎಂದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಾರ ಎನ್ನುತ್ತಾರೆ. ಆ ತರಗತಿಯ ಮೊದಲು ನಾನು ಅವರಿಗೆ ಮೇಡಮ್ಮಾರ ಆಗಿದ್ದೆ. ಆ ದಿನದಿಂದ ಬಾಯಾರ ಆದೆ.

ಗುರುಸಿದ್ದಪ್ಪನವರು ಕ್ವಾಲಿಟಿಯ ಹಿರಿಯ ಇನ್ಸ್‌ಪೆಕ್ಟರ್. ಮನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಕಾರ್ಖಾನೆ ಶುರುವಾದ ಎರಡನೇ ವರ್ಷದಿಂದ ಅಲ್ಲಿದ್ದವರು, ಮೂವತ್ತೊಂದು ವರ್ಷದ ನೌಕರಿ. ಮಾಲಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಕಾಕಾ. ಹಣೆಗೆ ವಿಭೂತಿ, ಮೇಲೆ ಸುರಕ್ಷತೆಯ ಹಳದಿ ಟೊಪ್ಪಿಗೆ. ಸೋಮವಾರ ಒಪ್ಪತ್ತು. ಪಂಚಮಿಯ ಮರುದಿನ ಅವರ ಸ್ಟೀಲಿನ ಡಬ್ಬಿಯಲ್ಲಿ ಸೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕ್ವಾಲಿಟಿ ರೂಮಿನಿಂದ ನನ್ನ ಟೇಬಲ್ಲಿನವರೆಗೂ ಬರುತ್ತಿದ್ದವು.

ಅವರ ಬೆಲ್ಟಿಗೆ ಒಂದು ಚರ್ಮದ ಚೀಲ ಕಟ್ಟಿರುತ್ತಿತ್ತು. ಅದರೊಳಗೆ ಬೆರಳುದ್ದದ ಉಕ್ಕಿನ ಪಂಚು. ತುದಿಯಲ್ಲಿ ಒಂದು ಸಣ್ಣ ವೃತ್ತ, ವೃತ್ತದೊಳಗೆ ಏಳು. ಇದಕ್ಕೆ ಕಾರ್ಖಾನೆಯಲ್ಲಿ ಶಿಕ್ಕಾ ಎನ್ನುತ್ತಾರೆ. ಪ್ರತಿ ಇನ್ಸ್‌ಪೆಕ್ಟರಿಗೂ ಒಂದೊಂದು ನಂಬರಿನ ಶಿಕ್ಕಾ. ವಾಲ್ವಿನ ಹೊರಮೈಗೆ ಬಾಡಿ ಎಂದು ಹೆಸರು. ಬಾಡಿಯೊಳಗೆ ನೀರು ತುಂಬಿ ಒತ್ತಡ ಕೊಟ್ಟು ಅರ್ಧ ತಾಸು ನಿಲ್ಲಿಸಿ, ಎಲ್ಲಿಯೂ ಬೆವರದಿದ್ದರೆ ಇನ್ಸ್‌ಪೆಕ್ಟರು ಅದರ ತಳದ ಅಂಚಿಗೆ ಶಿಕ್ಕಾ ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹೊಡೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಬಿಡುಗಡೆ. ಕ್ರಮ ಇದು: ಮೊದಲು ನೀರು, ನಂತರ ಶಿಕ್ಕಾ, ಕೊನೆಗೆ ಕಂಪ್ಯೂಟರು.

ಒಮ್ಮೆ ಮಾಲಕರೇ ಕುತೂಹಲದಿಂದ ಶಿಕ್ಕಾ ನೋಡಲು ಕೈ ಚಾಚಿದ್ದರಂತೆ. ಕಾಕಾ, "ಬೇಕಾದ್ರ ಹೊಡದು ತೋರಸ್ತೇನ್ರಿ ಸಾಹೇಬ್ರ, ಕೈಯಾಗ ಕೊಡಂಗಿಲ್ಲ" ಎಂದಿದ್ದರು. ಮಾಲಕರು ನಕ್ಕು ಕೈ ಹಿಂದೆ ತೆಗೆದುಕೊಂಡರು. ಈ ಪ್ರಸಂಗವನ್ನು ಹೊಸಬರಿಗೆಲ್ಲ ಹೇಳುವ ರೂಢಿ ಇತ್ತು, ನನಗೂ ಹೇಳಿದ್ದರು. ಅದನ್ನು ಬರೀ ಹಾಸ್ಯವೆಂದು ಕೇಳಿದ್ದೆ.

ಹೊಸ ವ್ಯವಸ್ಥೆ ಬಂದಾಗ ಕಾಕಾನ ವಿಷಯದಲ್ಲಿ ಒಂದು ತೊಡಕು ಎದುರಾಯಿತು. ಅವರದು ಗುಂಡಿ ಒತ್ತುವ ಹಳೇ ಫೋನು. ನೀವೇನಾ ಎಂದು ಕೇಳುವ ಆ್ಯಪ್ ಅದರಲ್ಲಿ ಕೂಡುವುದಿಲ್ಲ. "ಗೇಟಿನ್ಯಾಗಿನ ನಾಯಿ ಸೈತ ನನ್ನ ಗುರುತು ಹಿಡಿತೈತಿ ಬಾಯಾರ" ಎಂದರು, "ನಿಮ್ಮ ಕಂಪ್ಯೂಟರಿಗೆ ಮಾತ್ರ ದಿನಾ ನಾನು ಯಾರಂತ ಹೇಳಬೇಕಲ್ರಿ."

ಕ್ವಾಲಿಟಿ ರೂಮಿನಲ್ಲಿ ಒಡಕು, ತೂತುಗಳ ಫೋಟೋ ತೆಗೆಯಲೆಂದು ಕಂಪನಿಯದೇ ಒಂದು ಸ್ಮಾರ್ಟ್‌ಫೋನು ಇತ್ತು. ಕಾಕಾನ ಲಾಗಿನ್ನನ್ನು ಅದಕ್ಕೆ ನೋಂದಾಯಿಸಿದೆ. ಯಾರೂ ನನ್ನನ್ನು ಕೇಳಿಕೊಂಡಿರಲಿಲ್ಲ. "ಇದು ಇಲ್ಲೇ ಇರ್ಲಿ ಕಾಕಾ, ನಿಮಗ ತ್ರಾಸು ಬ್ಯಾಡ" ಎಂದು ನಾನೇ ಹೇಳಿದೆ. ನಾಲ್ಕು ನಿಮಿಷದ ಕೆಲಸ. ಇಂಥ ವಿನಾಯಿತಿಗಳನ್ನು ಬರೆದಿಡಲು ಒಂದು ಪುಸ್ತಕ ಮಾಡಿದ್ದೆ. ಇದನ್ನು ಅದರಲ್ಲಿ ಬರೆಯಲಿಲ್ಲ. ಮನೆಯವರಿಗೆ ಮಾಡಿಕೊಟ್ಟ ಕೆಲಸದಂತೆ ಅನ್ನಿಸಿತ್ತು.

ಗಣೇಶ ಚೌತಿ ಮುಗಿದ ವಾರ, ಬುಧವಾರ, ಹೊರರಾಜ್ಯದ ಒಂದು ಗಿರಾಕಿ ಕಂಪನಿಯಿಂದ ದೂರು ಬಂತು. ನಾವು ಕಳಿಸಿದ ಇಪ್ಪತ್ನಾಲ್ಕು ಬಾಡಿಗಳ ಒಂದು ಲಾಟಿನಲ್ಲಿ ಮೂರು ಬಾಡಿಗಳು ಜೋಡಿಸುವಾಗಲೇ ಸೋರಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಒತ್ತಡದ ಪರೀಕ್ಷೆ ಆಗಿದ್ದರೆ ಅವು ಗೇಟು ದಾಟುವುದು ಸಾಧ್ಯವೇ ಇರಲಿಲ್ಲ. ಟೆಸ್ಟಿಂಗ್ ರೂಮಿನಲ್ಲಿ ಹುಡುಕಿದರೆ ಆ ಲಾಟಿನ ಪರೀಕ್ಷೆಯ ಕಾಗದವೇ ಇಲ್ಲ. ಪರೀಕ್ಷೆ ಇಲ್ಲದೆ ಬಿಡುಗಡೆ ಮಾಡಿದವರ ಹೆಸರನ್ನು ಒಂದು ವಾರದೊಳಗೆ ತಿಳಿಸಿ ಎಂದು ಗಿರಾಕಿ ಬರೆದಿದ್ದರು.

ವರ್ಕ್ಸ್ ಮ್ಯಾನೇಜರ್ ಪಾಟೀಲ ಸಾಹೇಬರು ನನ್ನನ್ನು ಕರೆದರು. ಇಪ್ಪತ್ತು ನಿಮಿಷದಲ್ಲಿ ಕಂಪ್ಯೂಟರಿನ ದಾಖಲೆ, ಅಂದರೆ ಲಾಗ್, ತೆಗೆದು ಒಂದು ಪುಟದಲ್ಲಿ ಮುದ್ರಿಸಿ, ಕೆಳಗೆ ಒಂದು ವಾಕ್ಯ ಬರೆದು ಸಹಿ ಹಾಕಿ ಕೊಟ್ಟೆ. ಆ ವಾಕ್ಯ ನನಗೆ ಈಗಲೂ ಬಾಯಿಪಾಠ: "ಸದರಿ ಲಾಟನ್ನು ಶ್ರೀ ಗುರುಸಿದ್ದಪ್ಪನವರು ನಿಜ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ೧೧ ಗಂಟೆ ೪೨ ನಿಮಿಷಕ್ಕೆ ಬಿಡುಗಡೆ ಮಾಡಿರುತ್ತಾರೆ." ಸಾಮಾನ್ಯವಾಗಿ ತಾರೀಖು ಬರೆಯುವವಳು ನಾನು. ತಾರೀಖು ಮೇಲಿನ ಸಾಲಿನಲ್ಲಿತ್ತು. ಶ್ರಾವಣ ಸೋಮವಾರ ಎಂದು ಯಾಕೆ ಬರೆದೆನೋ ಗೊತ್ತಿಲ್ಲ. ಕಾಕಾನ ಹೆಸರು ಬರೆಯುವಾಗ ಕೈಗೆ ತಾನಾಗಿ ಬಂದಿರಬೇಕು.

ಪಾಟೀಲ ಸಾಹೇಬರು ಪುಟವನ್ನು ಎರಡು ಸಲ ಓದಿದರು. "ಮೇಡಂ, ಇದು ಖಾತ್ರಿ ಅದ?"

"ಖಾತ್ರಿ ಅದರಿ. ಈಗ ಒಬ್ಬರ ಲಾಗಿನ್ ಇನ್ನೊಬ್ಬರು ಬಳಸೂದು ಬಂದಾಗೇದ."

ಹೀಗೆಂದವಳು ನಾನೇ.

ಮರುದಿನ ಗುರುವಾರ ಮೂರು ಗಂಟೆಗೆ ಕಾಕಾನನ್ನು ಕರೆಸಿದರು. ನಾನೂ ಅಲ್ಲಿದ್ದೆ. ನಿವೃತ್ತಿಗೆ ಅವರಿಗೆ ಆರು ತಿಂಗಳು ಉಳಿದಿತ್ತು. ತಪ್ಪು ಸಾಬೀತಾದರೆ ಅಷ್ಟೂ ವರ್ಷದ ನೌಕರಿ ಪರೀಕ್ಷೆ ಮಾಡದೆ ಮಾಲು ಬಿಟ್ಟವನೆಂಬ ಕಾಗದದೊಂದಿಗೆ ಮುಗಿಯುತ್ತಿತ್ತು. ಕೋಣೆಯಲ್ಲಿದ್ದ ಮೂವರಿಗೂ ಅದು ಗೊತ್ತಿತ್ತು. ಕಾಕಾ ಕನ್ನಡಕ ಹಾಕಿಕೊಂಡು ನನ್ನ ಪುಟವನ್ನು ನಿಧಾನವಾಗಿ ಓದಿದರು.

"ಇದರಾಗ ನನ್ನ ಹೆಸರೈತಿ, ಖರೇ. ಆದ್ರ ಆ ಬಾಡಿ ಮುಟ್ಟಿದ ನೆನಪು ನನಗಿಲ್ರಿ."

"ಯಾರರ ನಿಮ್ಮ ಪಾಸ್‌ವರ್ಡ್ ಹಾಕ್ಯಾರೇನು?" ಪಾಟೀಲ ಸಾಹೇಬರು ಕೇಳಿದರು.

ಕಾಕಾ ಕನ್ನಡಕ ತೆಗೆದು ಮಡಚಿದರು. "ನನ್ನ ಹೆಸರಿಲೇ ಹೋಗೇತಿ ಅಂದ್ರ ನಾನ ಜವಾಬ್ದಾರ್ರಿ. ನಾ ಕಣ್ಣಿಲೇ ನೋಡಲಾರದ ಇನ್ನೊಬ್ಬರ ಹೆಸರು ಹೇಳಂಗಿಲ್ಲ."

ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕು, ಹೊರಗೆ ರಜೆ ಎಂದೇ ಹೇಳೋಣ, ಶಿಕ್ಕಾ ಮಾತ್ರ ಇಲ್ಲಿಟ್ಟು ಹೋಗಬೇಕು ಎಂದರು ಸಾಹೇಬರು. ಅವರ ದನಿಯೂ ಸಣ್ಣದಾಗಿತ್ತು. ಕಾಕಾ ಬೆಲ್ಟಿನಿಂದ ಚೀಲ ಬಿಚ್ಚಲು ಹೋದರು. ಗಂಟು ಬಹಳ ವರ್ಷದ್ದು, ಬಿಚ್ಚಲಿಲ್ಲ. ಬೆಲ್ಟನ್ನೇ ಸಡಿಲಿಸಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಚೀಲವನ್ನು ಜಾರಿಸಿ ತೆಗೆದು ಟೇಬಲ್ಲಿನ ಮೇಲಿಟ್ಟರು. ನಾನು ಕಿಟಕಿಯ ಕಡೆ ನೋಡಿದೆ. ನೋಡಬಾರದಿತ್ತು, ಅವರನ್ನೇ ನೋಡಬೇಕಿತ್ತು ಎಂದು ಆಮೇಲೆ ಅನ್ನಿಸಿದೆ.

ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. "ಬಾಯಾರ, ನೀವು ಆ ಬಾಡಿ ನೋಡೀರೇನ್ರಿ?"

"ಇಲ್ರಿ ಕಾಕಾ."

"ಶನಿವಾರ ವಾಪಸ್ ಬರ್ತಾವಂತ. ಒಮ್ಮೆ ನೋಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾವುದೋ ಕೆಲಸದ ನೆನಪು ಮಾಡಿದ ಹಾಗಿತ್ತು. ಕಂಪನಿಯ ಹುಬ್ಬಳ್ಳಿ ಬಸ್ಸು ಇದ್ದದ್ದು ಐದೂವರೆಗೆ. ಮೂರೂ ಮುಕ್ಕಾಲಿಗೆ ನನ್ನ ಕಿಟಕಿಯಿಂದ ಕಂಡದ್ದು, ಕಾಕಾ ಊಟದ ಡಬ್ಬಿ ಹಿಡಿದು ರಸ್ತೆಯ ಕಡೆ ನಡೆದು ಹೋಗುತ್ತಿದ್ದರು, ಗೇಟಿನ ನಾಯಿ ಮೂಲೆಯ ತನಕ ಅವರ ಹಿಂದೆ ಹೋಗಿ ತಿರುಗಿ ಬಂತು.

ಶನಿವಾರ ಹತ್ತು ಗಂಟೆಗೆ ಗಿರಾಕಿ ತಿರುಗಿ ಕಳಿಸಿದ ಇಪ್ಪತ್ನಾಲ್ಕೂ ಬಾಡಿಗಳ ಲಾರಿ ಬಂತು. ಅಷ್ಟು ವರ್ಷದ ನೌಕರಿಯಲ್ಲಿ ನಾನು ವಾಪಸು ಮಾಲಿನ ಶೆಡ್ಡಿಗೆ ಹೋದದ್ದು ಅದೇ ಮೊದಲ ಸಲ. ನನ್ನ ಕೆಲಸವೆಲ್ಲ ಪರದೆಯ ಮೇಲಿತ್ತು. ಒಂದೊಂದು ಬಾಡಿ ಮೂವತ್ತು ಕಿಲೋ. ಕ್ರೇನ್ ನಡೆಸುವ ಹುಸೇನಸಾಬರು ಒಂದೊಂದಾಗಿ ಮಗುಚಿ ತೋರಿಸಿದರು.

"ಏನ್ ಹುಡುಕ್ತೀರಿ ಮೇಡಮ್ಮಾರ?"

"ಕಾಕಾನ ಶಿಕ್ಕಾ."

ಅವರು ಕ್ರೇನ್ ನಿಲ್ಲಿಸಿ ಕೆಳಗೆ ಬಂದು ತಾವೇ ಬಗ್ಗಿ ನೋಡಿದರು. "ಇದರಾಗ ಎಲ್ಲೈತ್ರಿ? ಶಿಕ್ಕಾ ಇಲ್ಲದ ಮಾಲು ಕಾಕಾ ಬಿಟ್ಟಾರ? ಯಾರಿಗೆ ಹೇಳ್ತೀರಿ."

ಇಪ್ಪತ್ನಾಲ್ಕು ನೋಡಲು ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಒಂದರ ಮೇಲೂ ವೃತ್ತ ಇರಲಿಲ್ಲ, ಏಳು ಇರಲಿಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನ್ನ ತಲೆ ಹೇಳುತ್ತಿತ್ತು. ಶಿಕ್ಕಾ ಹೊಡೆಯದೆ ಕಂಪ್ಯೂಟರಿನಲ್ಲಿ ಮಾತ್ರ ಬಿಟ್ಟಿರಬಹುದು. ಆದರೆ ಹುಸೇನಸಾಬರು ಹೇಳಿದ್ದು ನನಗೆ ಮೊದಲೇ ಗೊತ್ತಿರಬೇಕಿತ್ತು. ಮಾಲಕರ ಕೈಗೂ ಶಿಕ್ಕಾ ಕೊಡದ ಮನುಷ್ಯ, ಅದನ್ನು ಹೊಡೆಯದೆ ಮಾಲು ಬಿಡುವವರಲ್ಲ.

ಟೇಬಲ್ಲಿಗೆ ಮರಳಿ ಲಾಗ್ ಮತ್ತೆ ತೆಗೆದೆ. ಅದರಲ್ಲಿ ಹದಿನಾಲ್ಕು ಕಾಲಂಗಳಿವೆ. ನಾನು ಕೊಟ್ಟ ಪುಟದಲ್ಲಿ ಒಂಬತ್ತು ಇದ್ದವು. ಉಳಿದ ಐದು ಕಾಗದದ ಅಗಲಕ್ಕೆ ಹಿಡಿಯುತ್ತಿರಲಿಲ್ಲ, ಪುಟ ಚೆಂದ ಬರಲಿ ಎಂದು ಮರೆ ಮಾಡಿದ್ದೆ. ಈಗ ತೆರೆದೆ. ಯಾವ ಕಂಪ್ಯೂಟರಿನಿಂದ ಎಂಬ ಕಾಲಮಿನಲ್ಲಿ ಡಿಸ್ಪ್ಯಾಚಿನ ಎರಡನೇ ಕಂಪ್ಯೂಟರಿನ ಹೆಸರಿತ್ತು. ಕಾಕಾ ಕೂಡುವುದು ಕ್ವಾಲಿಟಿ ರೂಮಿನಲ್ಲಿ, ಡಿಸ್ಪ್ಯಾಚ್ ಎರಡು ಶೆಡ್ಡು ಆಚೆ. ನೀವೇನಾ ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿದ ಫೋನು ಕ್ವಾಲಿಟಿ ರೂಮಿನ ಅದೇ ಕಂಪನಿ ಫೋನು. ಕೊನೆಯ ಕಾಲಂ, ಆ ಫೋನನ್ನು ನೋಂದಾಯಿಸಿದವರು. ಅಲ್ಲಿ ನನ್ನ ಹೆಸರಿತ್ತು.

ನಾನು ಒಬ್ಬರ ಮೇಲೆ ಸಾಕ್ಷಿ ಹೇಳಿದ್ದೆ, ಮತ್ತು ಆ ಸಾಕ್ಷಿ ಸುಳ್ಳಾಗಲು ಬೇಕಾದ ಬಾಗಿಲನ್ನು ನಾನೇ ಪ್ರೀತಿಯಿಂದ ತೆರೆದಿಟ್ಟಿದ್ದೆ.

ಟೆಸ್ಟಿಂಗ್ ರೂಮಿಗೆ ಹೋದೆ. ಒತ್ತಡ ಅಳೆಯುವ ಯಂತ್ರ ಗುಂಡನೆಯ ಕಾಗದದ ಮೇಲೆ ತಾನೇ ಗೆರೆ ಎಳೆಯುತ್ತದೆ, ಇನ್ಸ್‌ಪೆಕ್ಟರು ಹತ್ತು ನಿಮಿಷಕ್ಕೊಮ್ಮೆ ಅದರ ಅಂಚಿಗೆ ಸಣ್ಣ ಸಹಿ ಹಾಕುತ್ತಾರೆ. ಆ ಸೋಮವಾರದ ಕಾಗದ ಸಿಕ್ಕಿತು. ಬೇರೆ ಲಾಟಿನದು. ಹನ್ನೊಂದು ಮೂವತ್ತಕ್ಕೆ, ನಲವತ್ತಕ್ಕೆ, ಐವತ್ತಕ್ಕೆ ಕಾಕಾನ ಸಹಿ. ಅವರು ಡಿಸ್ಪ್ಯಾಚಿಗೆ ಹೋಗಿ ಬರಲು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಅಲ್ಲಿಂದ ನೇರವಾಗಿ ಡಿಸ್ಪ್ಯಾಚಿಗೆ ನಡೆದೆ.

ಡಿಸ್ಪ್ಯಾಚಿನ ಸೂಪರ್‌ವೈಸರ್ ಶಿವಾನಂದ ಮೊದಲು ಕಾಕಾನ ಕೈಕೆಳಗೆ ಇನ್ಸ್‌ಪೆಕ್ಟರಾಗಿ ಒಂಬತ್ತು ವರ್ಷ ಪಳಗಿದವನು. ಕಾಕಾನ ನಂತರ ಕ್ವಾಲಿಟಿಗೆ ಅವನೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದ್ದರಿಂದ ಬಿಡುಗಡೆ ಮಾಡುವ ಅಧಿಕಾರವನ್ನು ಅವನ ಲಾಗಿನ್ನಿಗೂ ಕೊಟ್ಟಿದ್ದೆ. ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದ. ಆ ಸೋಮವಾರ ಇಪ್ಪತ್ನಾಲ್ಕು ಬಾಡಿ ಬಿಡುಗಡೆ ಮಾಡಿದ್ದು ಯಾರು ಎಂದು ಕೇಳಿದೆ. ಅವನು ಮುಚ್ಚಿಡಲೇ ಇಲ್ಲ.

"ನಾನ ಹಾಕಿದ್ನಿರಿ. ಲಾರಿ ನಿಂತಿತ್ತು. ಕಾಕಾ ಟೆಸ್ಟಿಂಗಿನ್ಯಾಗ ಇದ್ರು. ಸೋಮವಾರ ಒಪ್ಪತ್ತು ಇರ್ತಾರ, ಅಲ್ಲಿಂದ ಇಲ್ಲಿತನಕಾ ಯಾಕ ನಡಸೂದಂತ ಫೋನ್ ತರಿಸಿ ನಾನ ಹಾಕಿದ್ನಿ."

"ಕಾಕಾನ ಹೆಸರಿಲೇ ಯಾಕ? ನಿನಗ ಬ್ಯಾರೆ ಲಾಗಿನ್ ಕೊಟ್ಟೇನಲ್ಲ. ಅದರಾಗೂ ಬಿಡುಗಡೆ ಮಾಡ್ಲಿಕ್ಕೆ ಬರ್ತದ."

"ಬರ್ತೈತಿ ಖರೇರಿ. ಕಾಕಾ ಇರಬೇಕಾದ್ರ ನನ್ನ ಹೆಸರಿಲೇ ಬಿಡುಗಡೆ ಮಾಡಿದ್ರ ಮಂದಿ ಏನಂದಾರು? ಕಾಕಾ ಇನ್ನ ರಿಟೈರ್ ಆಗಿಲ್ಲ, ಇಂವಾ ಆಗಲೇ ಖುರ್ಚಿ ಹಿಡದಾನ ಅನ್ನೂದಿಲ್ಲೇನ್ರಿ? ಅದು ಚಂದ ಕಾಣಂಗಿಲ್ರಿ."

"ಹಂಗಾದ್ರ ನಿನ್ನ ಲಾಗಿನ್ನಿಲೆ ಏನ್ ಮಾಡ್ತಿ?"

"ರಜಾ ಅರ್ಜಿ ಹಾಕ್ತೇನ್ರಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. "ಆ ಲಾಟ್ ಟೆಸ್ಟ್ ಆಗಿರಲಿಲ್ಲ ಶಿವಾನಂದ."

"ಆಗಿತ್ರಿ. ಹಳದಿ ಗೆರಿ ಈಚೆ ಇತ್ತು." ಪರೀಕ್ಷೆ ಮುಗಿದ ಮಾಲನ್ನು ನೆಲದ ಹಳದಿ ಗೆರೆಯ ಈಚೆ ಇಡುವುದು ಅಲ್ಲಿಯ ಪದ್ಧತಿ.

"ಅವತ್ತ ಮಳ್ಯಾಗ ಶೆಡ್ಡು ಸೋರತಿತ್ತಂತ. ಆಚೆ ಇದ್ದ ಟ್ರಾಲಿ ಈಚೆ ತಂದಿಟ್ಟಿದ್ರು, ಟೆಸ್ಟಿಂಗಿನವರು ಈಗಷ್ಟ ಹೇಳಿದ್ರು. ನೀನು ಒಂದರ ಬಾಡಿ ಮಗುಚಿ ಶಿಕ್ಕಾ ನೋಡಿದ್ಯೇನು?"

ನಳ ಹರಿಯುತ್ತಲೇ ಇತ್ತು. ನಾನೇ ಬಂದ್ ಮಾಡಿದೆ.

"ಕಾಕಾ ರಜಾಕ್ಕ ಹೋಗಿಲ್ಲ" ಎಂದೆ. "ಇದಕ್ಕಂತ ಮನಿಗೆ ಕಳಿಸ್ಯಾರ. ಶಿಕ್ಕಾ ಇಸಗೊಂಡಾರ."

ಡಬ್ಬಿಯನ್ನು ಅವನು ಕಟ್ಟೆಯ ಮೇಲೆ ಬಹಳ ಮೆಲ್ಲಗೆ ಇಟ್ಟ. "ಕಾಕಾನ ಶಿಕ್ಕಾ?" ಎಂದ. ಕೈ ಒರೆಸಿಕೊಂಡು, "ನಡ್ರಿ ಮೇಡಂ, ಪಾಟೀಲ ಸಾಹೇಬ್ರ ಕಡೆ. ಈಗ ಹೋಗೂಣು."

ಸಾಹೇಬರು ಶನಿವಾರ ಊರಲ್ಲಿರಲಿಲ್ಲ. ಭಾನುವಾರ ಮನೆಯಲ್ಲಿ ಕೂತು ಒಂದೂವರೆ ಪುಟ ಬರೆದೆ. ಬುಧವಾರದ ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಮೊದಲ ಸಾಲು. ಬಿಡುಗಡೆ ಮಾಡಿದ್ದು ಗುರುಸಿದ್ದಪ್ಪನವರ ಲಾಗಿನ್ ಎಂದಷ್ಟೇ ನನಗೆ ಗೊತ್ತಿತ್ತು, ಗುರುಸಿದ್ದಪ್ಪನವರು ಎಂದು ಬರೆದದ್ದು ತಪ್ಪು. ಐದು ಕಾಲಂ ಮರೆ ಮಾಡಿದ್ದು ತಪ್ಪು. ಫೋನಿನ ವಿನಾಯಿತಿಯನ್ನು ಯಾರಿಗೂ ಹೇಳದೆ ಮಾಡಿದ್ದು, ಬರೆದಿಡದಿದ್ದದ್ದು ತಪ್ಪು. ಸೋಮವಾರ ಒಂಬತ್ತು ಗಂಟೆಗೆ ಶಿವಾನಂದ ಮೊದಲು ತನ್ನ ಮಾತು ಹೇಳಿದ, ನಾನು ಕಾಗದ ಕೊಟ್ಟೆ.

"ಇಷ್ಟೆಲ್ಲಾ ಬರಿಯೂ ಜರೂರ ಇರಲಿಲ್ಲ ಮೇಡಂ" ಎಂದರು ಪಾಟೀಲ ಸಾಹೇಬರು. "ಇಂವಾ ಒಪ್ಪ್ಯಾನ, ಮುಗೀತು."

"ಮುಗಿಯೂದಿಲ್ರಿ. ಮೊದಲನೇ ಕಾಗದದ ಮ್ಯಾಲೆ ನನ್ನ ಸಹಿ ಅದ. ಅದು ಫೈಲಿನ್ಯಾಗ ಇರೂತನಕ ಇದೂ ಅದರ ಬೆನ್ನಿಗಿರಬೇಕು."

ಗಿರಾಕಿಗೆ ನಡೆದದ್ದನ್ನೆಲ್ಲ ಬರೆದು ತಿಳಿಸಿದರು. ಶಿವಾನಂದನಿಗೆ ಎಚ್ಚರಿಕೆಯ ಪತ್ರ ಬಂತು. ನನಗೂ ಬಂತು. ನನ್ನ ನೌಕರಿಯಲ್ಲಿ ಅಂಥ ಪತ್ರ ಅದೊಂದೇ. ಅದನ್ನು ಇಟ್ಟುಕೊಂಡಿದ್ದೇನೆ.

ಶಿಕ್ಕಾ ಜವಾನರ ಕೈಯಲ್ಲಿ ಕಳಿಸುತ್ತೇನೆ ಎಂದರು ಸಾಹೇಬರು. ಬೇಡ, ನಾವೇ ಒಯ್ಯುತ್ತೇವೆ ಎಂದೆ. ಅಂದು ಮಧ್ಯಾಹ್ನ ಕಂಪನಿಯ ಜೀಪಿನಲ್ಲಿ ನಾನೂ ಶಿವಾನಂದನೂ ಬೆಂಗೇರಿಗೆ ಹೋದೆವು. ಕಾಕಾ ಬನಿಯನ್ನಿನಲ್ಲಿ ಹಿತ್ತಲ ನಳದ ಎದುರು ಕುಕ್ಕರಗಾಲಿನಲ್ಲಿ ಕೂತು ವಾಶರ್ ಬದಲಿಸುತ್ತಿದ್ದರು. ನಮ್ಮನ್ನು ನೋಡಿ ಕೈ ಒರೆಸಿಕೊಂಡರು. ಚೀಲ ಕೊಟ್ಟೆ. ಶಿಕ್ಕಾ ತೆಗೆದು ತುದಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

"ಯಾರರ ಹೊಡದಾರೇನ್ರಿ?"

"ಇಲ್ರಿ ಕಾಕಾ. ಸಾಹೇಬರ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಿದ್ರು."

ಆಮೇಲೆ ಶಿವಾನಂದನ ಕಡೆ ನೋಡಿದರು. ಅವನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದ. "ಏನಪಾ ಸಾಹೇಬ, ನನ್ನ ಹೆಸರು ಹಾಕಾಕ ಬರ್ತೈತಿ, ಒಂದು ಬಾಡಿ ಮಗಚಾಕ ಬರಂಗಿಲ್ಲೇನು? ಒಂಬತ್ತು ವರ್ಷ ಇದನ್ನ ಕಲ್ಸಿದ್ನೇನು ನಿನಗ?"

"ತಪ್ಪಾತ್ರಿ ಕಾಕಾ."

"ಆಗೇತಿ. ಒಳಗ ಬಾ. ಚಾ ಕುಡಿ."

ಚಹಾ ಕುಡಿಯುವಾಗ ಎರಡು ದಿನದಿಂದ ತಲೆಯಲ್ಲಿದ್ದದ್ದನ್ನು ಕೇಳಿದೆ. "ಕಾಕಾ, ಶಿಕ್ಕಾ ಮಾಲಕರಿಗೂ ಮುಟ್ಟಗೊಡೂದಿಲ್ಲ. ಪಾಸ್‌ವರ್ಡ್ ಯಾಕ ಕ್ವಾಲಿಟಿ ರೂಮಿನ ಕ್ಯಾಲೆಂಡರಿನ ಹಿಂದ ಪೆನ್ಸಿಲ್ಲಿಲೆ ಬರದಿಟ್ರಿ?" ಅದನ್ನು ಶಿವಾನಂದ ಹೇಳಿದ್ದ. ಇಡೀ ವಿಭಾಗಕ್ಕೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀವ ಹೇಳಿದ್ರಲ್ರಿ, ಮನಿ ಚಾವಿ ಇದ್ದಂಗಂತ. ನಮ್ಮ ಮನಿ ಚಾವಿ ನೋಡ್ರಿ, ಅಲ್ಲೇ ಐತಿ." ಬಾಗಿಲ ಪಕ್ಕದ ಮೊಳೆಗೆ ಚಾವಿ ತೂಗುತ್ತಿತ್ತು. "ನಾವು ಊರಿಗೆ ಹೋದ್ರ ಬಾಜೂ ಮನಿ ಅಕ್ಕಾರಿಗೆ ಕೊಟ್ಟ ಹೋಗ್ತೇವಿ. ಅವ್ರು ತಗದು ಗಿಡಕ್ಕ ನೀರ ಹಾಕ್ತಾರ. ಚಾವಿ ಇರೂದ ಮನ್ಯಾನ ಮಂದಿ ಒಳಗ ಬರಾಕ್ರಿ. ಶಿಕ್ಕಾ ಹಂಗಲ್ಲ. ನಾನ ನೋಡೇನಿ, ನಾನ ಹೇಳಾಕತ್ತೇನಿ ಅಂತ ಅದರ ಅರ್ಥ. ಅದನ್ನ ಇನ್ನೊಬ್ಬರಿಗೆ ಹೆಂಗ ಕೊಡಾಕ ಬರ್ತೈತಿ?" ಬಟ್ಟಲು ಕೆಳಗಿಟ್ಟು, "ಶಿಕ್ಕಾ ಇದ್ದಂಗ ಅಂದಿದ್ರ ಒಂದ ಮಾತಿಗೆ ತಿಳೀತಿತ್ತಲ್ರಿ ಬಾಯಾರ" ಎಂದರು.

ಐದು ತರಗತಿಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ನಾನು ಹೇಳಿಕೊಟ್ಟದ್ದನ್ನು ಅವರು ಸರಿಯಾಗಿಯೇ ಕಲಿತಿದ್ದರು. ಕಲಿಸಿದ್ದೇ ತಪ್ಪಾಗಿತ್ತು.

ದೀಪಾವಳಿಯ ಹೊತ್ತಿಗೆ ಮಾಲಿನ ಬಿಡುಗಡೆಗೆ ಸಂಬಂಧಿಸಿದವರಿಗೆಂದು ಫೋನಿನ ಬದಲು ಇಪ್ಪತ್ತು ಸೆಕ್ಯುರಿಟಿ ಕೀ ತರಿಸಿದೆ. ಹೆಬ್ಬೆರಳಿನ ಅರ್ಧದಷ್ಟು ದೊಡ್ಡ ಸಾಧನ. ಕಂಪ್ಯೂಟರಿಗೆ ಸಿಕ್ಕಿಸಿ ಬೆರಳು ಮುಟ್ಟಿಸಿದರೆ ಮಾತ್ರ ಲಾಗಿನ್. ನಕಲು ಮಾಡಲು ಬರುವುದಿಲ್ಲ, ಫೋನು ಬೇಡ. ಹೆಸರಿನಲ್ಲಿ ಕೀ ಎಂದಿತ್ತು, ನಾನು ಆ ಶಬ್ದವನ್ನು ಯಾರ ಮುಂದೆಯೂ ಆಡಲಿಲ್ಲ. ಈ ಸಲ ತರಗತಿ ಕ್ಯಾಂಟೀನಿನಲ್ಲಿ ನಡೆಯಲಿಲ್ಲ. ಟೆಸ್ಟಿಂಗ್ ಬೆಂಚಿನ ಹತ್ತಿರ ಕಾಕಾನೇ ತೆಗೆದುಕೊಂಡರು. ಎಡಗೈಯಲ್ಲಿ ಶಿಕ್ಕಾ, ಬಲಗೈಯಲ್ಲಿ ಆ ಸಾಧನ.

"ನನ್ನ ಶಿಕ್ಕಾ ಕೇಳಿದ್ರ ನಿಮಗೇನ್ ಕೊಡ್ತೇನಿ?"

"ಬೈಗಳಾ ಕೊಡ್ತೀರಿ ಕಾಕಾ" ಎಂದ ಯಾರೋ ಹಿಂದಿನಿಂದ.

"ಇದನ್ನ ಕೇಳಿದ್ರೂ ಅದ ಕೊಡ್ರಿ. ಶಿವಾನಂದಗ ಎರಡ ಹೆಚ್ಚಿಗಿ ಕೊಡ್ರಿ."

ಮೂರೇ ವಾಕ್ಯ. ಅಲ್ಲಿಂದ ಮುಂದೆ ನಾನು ನಿವೃತ್ತಳಾಗುವವರೆಗೂ ಒಬ್ಬರ ಲಾಗಿನ್ ಇನ್ನೊಬ್ಬರು ಬಳಸಿದ ಒಂದು ಪ್ರಕರಣವೂ ನನ್ನ ಗಮನಕ್ಕೆ ಬರಲಿಲ್ಲ. ನಡೆದೇ ಇಲ್ಲ ಎಂದು ಈಗ ಬರೆಯುವುದಿಲ್ಲ. ಶಿವಾನಂದ ತನ್ನ ಹೆಸರಿನಲ್ಲಿ ಮೊದಲ ಬಿಡುಗಡೆ ಮಾಡಿದ ದಿನ ಕಾಕಾ ಡಿಸ್ಪ್ಯಾಚಿಗೆ ನಡೆದು ಹೋಗಿ, ಎಲ್ಲರಿಗೂ ಕೇಳುವಂತೆ, "ಇವತ್ತ ನನಗ ಒಂದು ಕೆಲಸ ಕಡಿಮಿ ಆತು" ಎಂದು ಬಂದರು. ಖುರ್ಚಿಯ ಮಾತು ಅಲ್ಲಿಗೆ ಯಾರ ಬಾಯಲ್ಲೂ ಉಳಿಯಲಿಲ್ಲ.

ಮಾರ್ಚ್ ಕೊನೆಗೆ ಕಾಕಾ ನಿವೃತ್ತರಾದರು. ಇನ್ಸ್‌ಪೆಕ್ಟರು ನಿವೃತ್ತರಾದಾಗ ಅವರ ಶಿಕ್ಕಾವನ್ನು ಎಲ್ಲರೆದುರು ಗ್ರೈಂಡರಿಗೆ ಹಿಡಿದು ಅಂಕಿ ಅಳಿಸಿ, ಆ ಉಕ್ಕಿನ ತುಂಡನ್ನು ಅವರಿಗೇ ಕೊಡುವುದು ನಮ್ಮ ಕಾರ್ಖಾನೆಯ ಪದ್ಧತಿ. ಆ ನಂಬರು ಮತ್ತೆ ಯಾರಿಗೂ ಹೋಗುವುದಿಲ್ಲ. ಎರಡು ಮತ್ತು ನಾಲ್ಕನೇ ನಂಬರುಗಳು ಮೊದಲೇ ಹೀಗೆ ಅಳಿದಿದ್ದವು. ಸಂಜೆ ನಾಲ್ಕಕ್ಕೆ ಹಾರ, ಶಾಲು ಎಲ್ಲ ಮುಗಿದ ಮೇಲೆ ಗ್ರೈಂಡರಿನ ಹತ್ತಿರ ಕಾಕಾ ನಿಂತರು. ನನ್ನನ್ನು ಕರೆದರು.

"ಬಾಯಾರ, ನಿಮ್ಮ ಕಂಪ್ಯೂಟರಿನ್ಯಾಗಿನ ನನ್ನ ಹೆಸರನ್ನೂ ಇಲ್ಲೇ ಬಂದ್ ಮಾಡಾಕ ಬರ್ತೈತೇನ್ರಿ?"

ಲ್ಯಾಪ್‌ಟಾಪ್ ತಂದೆ. ಅದುವರೆಗೆ ಎಷ್ಟೋ ಜನರ ಲಾಗಿನ್ ಮುಚ್ಚಿದ್ದೆ, ಅವರು ಹೋದ ಮೇಲೆ, ನನ್ನ ಕೋಣೆಯಲ್ಲಿ ಕೂತು. ಆ ಮನುಷ್ಯನ ಎದುರೇ ಮುಚ್ಚಿದ್ದು ಅದೇ ಮೊದಲು. ಶಿವಾನಂದ ಶಿಕ್ಕಾವನ್ನು ಕಲ್ಲಿಗೆ ಹಿಡಿದ, ಕಿಡಿ ಹಾರಿ ಏಳು ಹೋಯಿತು. ನಾನು ಗುಂಡಿ ಒತ್ತಿದೆ. ಕಾಕಾ ಬಗ್ಗಿ ಪರದೆ ನೋಡಿದರು.

"ಹೋತೇನ್ರಿ?"

"ಹೋತ್ರಿ ಕಾಕಾ. ಇನ್ನ ಈ ಹೆಸರಿಲೇ ಯಾರಿಗೂ ಏನೂ ಮಾಡ್ಲಿಕ್ಕೆ ಬರೂದಿಲ್ಲ."

"ಮತ್ತ ಇಲ್ಲಿತನಕಾ ಮಾಡಿದ್ದು?"

"ಅದು ಇರ್ತದರಿ. ನಿಮ್ಮ ಹೆಸರಿಲೇ ಇರ್ತದ."

"ವಾಲ್ವಿನ ಮ್ಯಾಲಿಂದೂ ಇರ್ತೈತಿ" ಎಂದು ಕಾಕಾ ತಲೆಯಾಡಿಸಿದರು. "ಬರೋಬ್ಬರಿ ಆತು."

ಬಿಸಿಯಾಗಿದ್ದ ಉಕ್ಕಿನ ತುಂಡನ್ನು ಶಾಲಿನ ಅಂಚಿನಲ್ಲಿ ಹಿಡಿದು ಆರಿಸಿ, ಬೆಲ್ಟಿನ ಚೀಲದಲ್ಲಿ ಹಾಕಿಕೊಂಡರು. ಐದೂವರೆಯ ಬಸ್ಸಿಗೆ ಹೋದರು. ಆಮೇಲೆಯೂ ನಾನು ಬಹಳ ಲಾಗ್ ಓದಿದೆ, ವರದಿ ಬರೆದೆ. ಒಬ್ಬರ ಹೆಸರು ಬರೆಯುವ ಮೊದಲು ಪ್ರತಿ ಸಲವೂ ಎದ್ದು ಶೆಡ್ಡಿಗೆ ಹೋಗಿ, ಆ ಬಾಡಿಯನ್ನು ಮಗುಚಿ ನೋಡಿಯೇ ಬಂದೆ.